ಅರಮನೆಯ ಭೋಗದಿಂದ ಖಡಕ್ ರೊಟ್ಟಿಯವರೆಗೆ

ಕನ್ನಡ ನಾಡಿನಲ್ಲಿ ರುಚಿಯ ಮೇಲಿನ ಆಸ್ಥೆ ಮೊದಲು ಬರಹಕ್ಕೆ ಇಳಿದದ್ದು ಅರಮನೆಯ ಆಸುಪಾಸಿನಲ್ಲಿ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಬೇಸಾಯ, ಜಲಶೋಧನೆಯ ಜೊತೆ ಅಡುಗೆಯೂ ಬರುತ್ತದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆದು, ಮೊಸರಿನ ತಿಳಿ ಮತ್ತು ಮಸಾಲೆ ಬೆರೆಸಿ ಇಡ್ಲಿ ಮಾಡುವ ವಿಧಾನ ಅದರಲ್ಲಿದೆ. ನೂರು ವರ್ಷದ ನಂತರ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಊಟವನ್ನು ಅರಸನ ಭೋಗಗಳ ಸಾಲಿಗೆ ಸೇರಿಸಿದ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಸಸ್ಯಾಹಾರದ ಅಡುಗೆಯನ್ನೇ ವಸ್ತುವಾಗಿಸಿ ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ರಚಿಸಿದ. ಒಲೆಯ ಕೆಲಸಕ್ಕೆ ಕಾವ್ಯದ ಮರ್ಯಾದೆ ಕೊಟ್ಟ ಈ ಪರಂಪರೆ ಹೆಮ್ಮೆಪಡುವಂಥದ್ದು.

ಒಕ್ಕಲು ಮನೆಯ ಧಾನ್ಯಕ್ಕೆ ಆ ಮರ್ಯಾದೆ ಸಿಕ್ಕಿದ್ದು ತಡವಾಗಿ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಯೆದುರು ರಾಗಿ ಗೆದ್ದರೂ ಹಬ್ಬದ ಎಲೆಯಲ್ಲಿ ಅಕ್ಕಿಯೇ ಮೇಲಾಯಿತು. 20ನೇ ಶತಮಾನದ ಹೋಟೆಲುಗಳು ಹೊರಗಡೆ ತಿನ್ನುವ ರೂಢಿ ಬೆಳೆಸಿದವು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂಟಿಆರ್ ಅಂಥದ್ದೊಂದು. ಅಲ್ಲಿ ಮೆರೆದದ್ದೂ ಇಡ್ಲಿ, ದೋಸೆಗಳೇ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿಗೆ ಹೈದರಾಬಾದಿನ ಬಿರಿಯಾನಿಯೂ ಒಗ್ಗಿತು.

ಅದೇ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಮಸರಕಲ್ ಸೀಮೆಯ ಮನೆಗಳಲ್ಲಿ ಮಾತ್ರ ದಿನದ ಊಟವೆಂದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಎರೆ ಭೂಮಿಯಲ್ಲಿ ಹಿಂಗಾರಿಗೆ ಬಿತ್ತುವ ಬಿಳಿಜೋಳ ಮಳೆ ನಿಂತ ಮೇಲೂ ನೆಲದ ತೇವದಲ್ಲೇ ಕಾಳು ಕಟ್ಟುತ್ತದೆ. ಜೋಳದಲ್ಲಿ ಗೋಧಿಯಂಥ ಅಂಟು ಇರದ ಕಾರಣ ಹಿಟ್ಟಿಗೆ ಕುದಿನೀರು ಹಾಕಿ ನಾದಬೇಕು, ಅಂಗೈಯಲ್ಲಿ ತಟ್ಟಬೇಕು. ಅಂಚು ಸೀಳದಂತೆ ತೆಳ್ಳಗೆ ಬಡಿಯುವುದು ವರ್ಷಗಳ ಕೈರೂಢಿ. ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು. ಗುಳೆ ಹೋಗುವವರ ಗಂಟಿನಲ್ಲಿ ಅದು ಇದ್ದೇ ಇರುತ್ತದೆ.

ಕಾಲುವೆ ನೀರು ಬಂದಲ್ಲೆಲ್ಲ ಬೆಳೆ ಬದಲಾಯಿತು. ತುಂಗಭದ್ರೆಯ ಎಡದಂಡೆ ಕಾಲುವೆ ನೆರೆಯ ಮಾನ್ವಿಯನ್ನು ಭತ್ತದ ಸೀಮೆಯಾಗಿಸಿತು; ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದಲ್ಲೂ ಭತ್ತ ತಂದಿತು. ಪಡಿತರದ ಅಕ್ಕಿ ಬಡವರ ಹಸಿವು ನೀಗಿಸಿತು, ಜೊತೆಗೆ ರೊಟ್ಟಿಯನ್ನು ತಾಟಿನಿಂದ ಸರಿಸಿತು.

ಅದೇ ಹೊತ್ತಿಗೆ ಪಟ್ಟಣದವರು ರೊಟ್ಟಿಯ ಕಡೆ ತಿರುಗಿದರು. ಸಕ್ಕರೆ ಕಾಯಿಲೆಯ ಭಯ ಒಂದು ಕಾರಣ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ್ದು ಇನ್ನೊಂದು. ಬೆಂಗಳೂರಿನ ಉತ್ತರ ಕರ್ನಾಟಕ ಖಾನಾವಳಿಗಳಲ್ಲಿ ರೊಟ್ಟಿ, ಎಣ್ಣೆಗಾಯಿಗೆ ಈಗ ಗಿರಾಕಿ ಹೆಚ್ಚು. ಕಲಬುರಗಿಯ ಮಹಿಳಾ ಸಂಘಗಳು ಜಿಲ್ಲಾಡಳಿತದ ನೆರವಿನಿಂದ 'ಕಲಬುರಗಿ ರೊಟ್ಟಿ'ಯನ್ನು ಊರಾಚೆಗೂ ಮಾರುತ್ತಿವೆ. ರಾಯಚೂರು ಜಿಲ್ಲೆಯ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೂ ಅಂಥ ನೆರವು, ಕೈಕೆಲಸಕ್ಕೆ ತಕ್ಕ ಬೆಲೆ ಸಿಗಬೇಕು; ಹಿಂಗಾರಿ ಜೋಳ ಬಿತ್ತುವ ರೈತನಿಗೆ ಖರೀದಿಯ ಭರವಸೆ ಇರಬೇಕು.