ಮನೆಮಂದಿಗೆಲ್ಲ ಒಂದೇ ಸಾರು: ತರಕಾರಿ ಹಾಕಿದ ಹಗುರ ಕೋಳಿಸಾರು

ಡಯೆಟ್ ಅಂದ ಕೂಡಲೇ ನೆನಪಾಗೋದು ಬ್ರೊಕೊಲಿ, ಆಲಿವ್ ಎಣ್ಣೆ, ಸಪ್ಪೆ ಚಿಕನ್. ಕೊಳ್ಳೇಗಾಲದ ಹತ್ತಿರದ ನಮ್ಮ ಧನಗೆರೆಯಲ್ಲಿ ಸುಲಭವಾಗಿ ಸಿಗೋದು ಹೀರೇಕಾಯಿ, ಸೋರೆಕಾಯಿ, ನುಗ್ಗೆಕಾಯಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದಾಗ ಅವ್ವ ಅವರಿಗೇ ಅಂತ ಬೇರೆ ಅಡುಗೆ ಮಾಡತೊಡಗಿದಳು. ಹದಿನೈದು ದಿನಕ್ಕೇ ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿದರು. "ನಾನೊಬ್ನೇ ರೋಗಿ ಥರ ತಿನ್ಬೇಕಾ?"

ಅವರಿಗೆ ಬೇಜಾರಾಗಿದ್ದು ರುಚಿಗಲ್ಲ, ಒಬ್ಬರೇ ಬೇರೆ ತಿನ್ನೋದಕ್ಕೆ. ಹಾಗಾಗಿ ಬೆಂಗಳೂರಿನಿಂದ ಊರಿಗೆ ಹೋದಾಗಲೆಲ್ಲ ನಾನು ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಮಾಡೋ ಸಾರು ಇದು.

ಮೂವರಿಗೆ ಬೇಕಾಗಿದ್ದು

• ಚರ್ಮ ತೆಗೆದ ಕೋಳಿ 400 ಗ್ರಾಂ
• ಹೀರೇಕಾಯಿ, ಬೀನ್ಸ್, ನುಗ್ಗೆಕಾಯಿ ಸೇರಿ 600 ಗ್ರಾಂ
• ಈರುಳ್ಳಿ 2, ಟೊಮೆಟೊ 1
• ಎಣ್ಣೆ 2 ಟೀ ಚಮಚ, ಅರಿಶಿನ, ಉಪ್ಪು
• ರುಬ್ಬಲು: ಧನಿಯಾ 1 ದೊಡ್ಡ ಚಮಚ, ಮೆಣಸು 1 ಟೀ ಚಮಚ, ಜೀರಿಗೆ ಅರ್ಧ ಟೀ ಚಮಚ, ಬೆಳ್ಳುಳ್ಳಿ 8 ಎಸಳು, ಒಂದು ತುಂಡು ಶುಂಠಿ, ಹುರಿಗಡಲೆ 1 ದೊಡ್ಡ ಚಮಚ, ಕೊತ್ತಂಬರಿ ಸೊಪ್ಪು

ಮಾಡೋದು ಹೀಗೆ

ಧನಿಯಾ, ಮೆಣಸು, ಜೀರಿಗೆಯನ್ನು ಎಣ್ಣೆ ಹಾಕದೆ ಘಮ ಬರುವವರೆಗೆ ಹುರಿದು, ಉಳಿದವುಗಳ ಜತೆ ನುಣ್ಣಗೆ ರುಬ್ಬಿ. ತೆಂಗಿನಕಾಯಿ ಹಾಕೋದಿಲ್ಲ, ಸಾರು ಗಟ್ಟಿಯಾಗಲು ಹುರಿಗಡಲೆ ಸಾಕು. ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ. ತಳ ಹಿಡಿಯುವಂತಾದರೆ ಎಣ್ಣೆ ಬದಲು ಒಂದು ಚಮಚ ನೀರು ಚಿಮುಕಿಸಿ. ಟೊಮೆಟೊ, ಅರಿಶಿನ, ಕೋಳಿ, ಮಸಾಲೆ ಹಾಕಿ, ಮುಳುಗುವಷ್ಟು ನೀರು ಬಿಟ್ಟು ಮುಚ್ಚಿ.

ಬ್ರಾಯ್ಲರ್ ಆದರೆ 15 ನಿಮಿಷಕ್ಕೆ ಬೀನ್ಸ್, ನುಗ್ಗೆಕಾಯಿ ಹಾಕಿ. ನಾಟಿಕೋಳಿ ಆದರೆ ಮಾಂಸ ಮುಕ್ಕಾಲು ಬೇಯುವವರೆಗೆ ಕಾಯಿರಿ. ಹೀರೇಕಾಯಿ ಕೊನೇ ಐದು ನಿಮಿಷಕ್ಕೆ ಸಾಕು, ಮೊದಲೇ ಹಾಕಿದರೆ ಕರಗಿಹೋಗುತ್ತೆ. ಮಾಂಸದ ಒಳಗೆ ಗುಲಾಬಿ ಬಣ್ಣ ಉಳಿದಿರಬಾರದು.

ತಟ್ಟೆಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅರ್ಧ ತಟ್ಟೆ ತರಕಾರಿ, ಹಣ್ಣು ಇರಲಿ ಅನ್ನುತ್ತೆ. ಅದಕ್ಕೇ ನಮ್ಮ ಸಾರಿನಲ್ಲಿ ಕೋಳಿಗಿಂತ ತರಕಾರಿ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡವರಿಗೆ ಇಡೀ ದಿನದ ಉಪ್ಪು 5 ಗ್ರಾಂ ದಾಟಬಾರದು. ಮೆಣಸು, ಬೆಳ್ಳುಳ್ಳಿ ಚೆನ್ನಾಗಿ ಬಿದ್ದರೆ ಉಪ್ಪು ಕಮ್ಮಿಯಾಗಿದ್ದು ಗೊತ್ತೇ ಆಗೋದಿಲ್ಲ.

ಜತೆಗೆ ಚಿಕ್ಕ ಮುದ್ದೆ. ರಾಗಿ ಒಳ್ಳೇದು ಅಂತ ಎರಡು ಮುದ್ದೆ ನುಂಗಿದರೆ ಸಕ್ಕರೆ ಏರುತ್ತೆ, ಅದರಲ್ಲಿ ಹೆಚ್ಚಿನ ಪಾಲು ಪಿಷ್ಟವೇ. ಹಾಗಂತ ಇನ್ಸುಲಿನ್, ಮಾತ್ರೆ ತಗೊಳ್ಳೋರು ಮುದ್ದೆಯನ್ನು ದಿಢೀರ್ ಬಿಡಲೂಬಾರದು, ರಾತ್ರಿ ಸಕ್ಕರೆ ತೀರಾ ಇಳಿಯಬಹುದು. ಎಷ್ಟು ಅಂತ ಡಾಕ್ಟರನ್ನು ಕೇಳಿ. ಅಪ್ಪನಿಗೆ ಡಾಕ್ಟರು ಹೇಳಿದ ಅಳತೆಯ ಮುದ್ದೆಯನ್ನೇ ಈಗ ಮನೆಯಲ್ಲಿ ಎಲ್ಲರಿಗೂ ಕಟ್ಟುತ್ತೇವೆ.