ಹಾಳೆಗಳ ನಡುವಣ ಲೋಹ

ಕೂಳೂರಿನ ನಮ್ಮ ಸೇತುವೆ ದಾಟಿ ಉತ್ತರಕ್ಕೆ ಸಾಗಿದರೆ ಪಣಂಬೂರು. ಅಲ್ಲಿ ಕುದುರೆಮುಖ ಕಂಪೆನಿಯ ಊದುಕುಲುಮೆಯೊಂದು 2009ರವರೆಗೆ ಬೀಡುಕಬ್ಬಿಣವನ್ನು ತಯಾರಿಸುತ್ತಿತ್ತು. ಇಂಥ ಕಬ್ಬಿಣ ಕರಗಿರುವಾಗ ಇಂಗಾಲವನ್ನು ತನ್ನಲ್ಲಿ ಕರಗಿಸಿಕೊಂಡಿರುತ್ತದೆ. ತಣಿಯುವಾಗ ಹೆಚ್ಚಾದುದನ್ನು ಹೊಳೆಯುವ ಕರಿಯ ಚಕ್ಕೆಗಳಾಗಿ ಹೊರಹಾಕುತ್ತದೆ. ಈ ಚಕ್ಕೆಯೇ ಗ್ರಾಫೈಟು. ನಮ್ಮ ಪೆನ್ಸಿಲಿನ ಕಡ್ಡಿಯಲ್ಲಿರುವ ವಸ್ತು. ಕಬ್ಬಿಣ ಉಗುಳಿದ ಗ್ರಾಫೈಟಿನೊಳಕ್ಕೆ ಮರಳಿ ಕಬ್ಬಿಣವನ್ನೇ ಹೊಗಿಸಬಹುದೇ ಎಂಬುದು ಇಂದಿನ ನನ್ನ ವಿಷಯ.

ಗ್ರಾಫೈಟೆಂದರೆ ಹಾಳೆಗಳ ಒಟ್ಟಿಲು. ಎರಡು ಹಾಳೆಗಳ ನಡುವಣ ಅಂತರ ನ್ಯಾನೊಮೀಟರಿನ ಮೂರರಲ್ಲೊಂದು ಪಾಲು. ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಬರಿಯ ಕಬ್ಬಿಣ ಅಲ್ಲಿ ನುಸುಳಲೊಲ್ಲದು. ವೇಷ ಕಟ್ಟಿಸಿ ಕಳುಹಿಸಬೇಕು. ಫೆರಿಕ್ ಕ್ಲೋರೈಡನ್ನೂ ಗ್ರಾಫೈಟನ್ನೂ ಮುಚ್ಚಿದ ನಳಿಗೆಯಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಲವಣವು ಆವಿಯಾಗಿ ಪದರಗಳ ನಡುವೆ ಹರಡಿಕೊಳ್ಳುತ್ತದೆ. ಪತ್ರೊಡೆಗೆ ಕೆಸುವಿನ ಎಲೆಗಳ ನಡುವೆ ಹಿಟ್ಟು ಬಳಿಯುವುದಿಲ್ಲವೆ, ಹಾಗೆ. ಬಳಿಕ ಜಲಜನಕ ಹಾಯಿಸಿ ಕಾಯಿಸಿದರೆ ಕ್ಲೋರಿನ್ ಹೊರಟುಹೋಗಿ ಲೋಹ ಉಳಿಯುತ್ತದೆ.

ತೊಡಕು ಇರುವುದು ಇಲ್ಲಿಯೇ. ಮಳೆಗಾಲದಲ್ಲಿ ಅದೇ ಕೆಸುವಿನ ಎಲೆಯ ಮೇಲೆ ನೀರು ಮಣಿಗಟ್ಟುವಂತೆ, ಲೋಹದ ಪರಮಾಣುಗಳು ಗ್ರಾಫೈಟಿಗೆ ಅಂಟಿಕೊಳ್ಳದೆ ತಮ್ಮತಮ್ಮಲ್ಲೇ ಗುಂಪುಗೂಡುತ್ತವೆ. ಮೂರು ನ್ಯಾನೊಮೀಟರ್ ಅಗಲದ ಮಣಿಯೊಂದರಲ್ಲಿ ಕಬ್ಬಿಣದ ಪರಮಾಣುಗಳು ಸಾವಿರಕ್ಕೂ ಮಿಕ್ಕಿರುತ್ತವೆ. ಹಾಳೆಗಳ ಸಹಜವಾದ ಸಂದಿಯೋ ಅದರ ಒಂಬತ್ತರಲ್ಲೊಂದು ಪಾಲು! ಮಣಿ ಹಾಳೆಗಳನ್ನು ಎತ್ತಿ ಹಿಡಿಯಬೇಕು, ಇಲ್ಲವೆ ಅಂಚಿಗೆ ಜಾರಬೇಕು.

1975ರಲ್ಲಿ ಮಾಸ್ಕೋದ ವೋಲ್ಪಿನ್ ಮತ್ತು ಸಂಗಡಿಗರು ಗ್ರಾಫೈಟಿನ ಪದರಗಳಲ್ಲಿ ಲೋಹಗಳನ್ನು ಇರಿಸಿದ ವಿಚಾರವನ್ನು ಪ್ರಕಟಿಸಿದರು. ನಾನು ತರಗತಿಯಲ್ಲಿ ಬಹುಕಾಲ ಅದನ್ನೇ ಪಾಠ ಹೇಳಿದೆ. ಅಂಥ ಪುಡಿಗಳಲ್ಲಿ ಲೋಹದ ಬಹುಭಾಗ ಒಳಗಿರದೆ ಅಂಚುಗಳಲ್ಲಿಯೂ ಮೇಲ್ಮೈಯಲ್ಲಿಯೂ ಕಣಗಳಾಗಿ ಕುಳಿತಿದೆಯೆಂದು ಅನಂತರದ ಪರೀಕ್ಷೆಗಳು ತೋರಿದವು. ನನ್ನ ಹಳೆಯ ವಿದ್ಯಾರ್ಥಿಗಳ ಟಿಪ್ಪಣಿಗಳನ್ನು ಈಗ ತಿದ್ದುವವರು ಯಾರು?

ಒಳಗೋ ಹೊರಗೋ ಎಂಬುದು ಬರಿಯ ತರ್ಕವಲ್ಲ. ಅಮೋನಿಯ ತಯಾರಿಕೆಯಲ್ಲಿ ಕ್ರಿಯೆಯನ್ನು ಚುರುಕುಗೊಳಿಸುವುದು ಕಬ್ಬಿಣದ ಮೇಲ್ಮೈ. ಇಂಥ ಕೆಲಸಗಳಲ್ಲಿ ಕಣಗಳು ಕಾವಿಗೆ ಒಂದರೊಡನೊಂದು ಬೆಸೆದುಕೊಂಡರೆ ಮೇಲ್ಮೈ ಕುಗ್ಗುತ್ತದೆ. ಹಾಳೆಗಳ ನಡುವೆ ಸೆರೆಯಾದವುಗಳಿಗೆ ಆ ಭಯ ಕಡಮೆ. 2000ದಲ್ಲಿ ಜಪಾನಿನ ಶಿರಾಯಿ ಮತ್ತು ಸಂಗಡಿಗರು ಮಣಿಗಳ ಬದಲು ಎರಡು ಮೂರು ನ್ಯಾನೊಮೀಟರ್ ದಪ್ಪದ ಪ್ಲಾಟಿನಮ್ ತಗಡುಗಳನ್ನೇ ಪದರಗಳ ನಡುವೆ ಪಡೆದರು. ಮೇಲಿನಿಂದ ನೋಡಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಾಣುವುದು ಕರಿಯ ಚುಕ್ಕೆ ಮಾತ್ರ. ಅದು ಹಾಳೆಯ ಮೇಲಿದೆಯೋ ಕೆಳಗಿದೆಯೋ ತಿಳಿಯಲು ಚಕ್ಕೆಯನ್ನು ಅಡ್ಡಲಾಗಿ ಸೀಳಿ ನೋಡಬೇಕು.