ಒತ್ತಡ ಮತ್ತು ಋತುಚಕ್ರ: ದುಡಿಯುವ ಮಹಿಳೆಯರು ತಿಳಿಯಬೇಕಾದ ಸಂಗತಿ

ನಸುಕಿನಲ್ಲೇ ಎದ್ದು ಅಡುಗೆ ಮುಗಿಸಿ, ತಾವು ತಿಂಡಿ ತಿನ್ನದೆ ಬಸ್ಸು ಹಿಡಿದು, ಹಾಸನದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದಿನದ ಗುರಿ ಮುಟ್ಟಿಸುವ ಆತಂಕದಲ್ಲೇ ಹೊಲಿಗೆ ಯಂತ್ರದ ಮುಂದೆ ಕೂರುವ ಮಹಿಳೆಯರ ದೇಹದಲ್ಲಿ, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಬಹುಕಾಲ ಏರಿಯೇ ಉಳಿಯಬಹುದು.

ಇಂಥ ದೀರ್ಘಕಾಲದ ಒತ್ತಡವು, ಋತುಚಕ್ರವನ್ನು ನಿಯಂತ್ರಿಸುವ ಮೆದುಳಿನ ಭಾಗವಾದ ಹೈಪೋಥಲಾಮಸ್‌ನ ಸಂಕೇತಗಳನ್ನು ಕುಗ್ಗಿಸಿದಾಗ, ಅಂಡಾಶಯದಿಂದ ಅಂಡಾಣು ಹೊರಬರುವ ಕ್ರಿಯೆ, ಅಂದರೆ ಅಂಡೋತ್ಪತ್ತಿ, ತಡವಾಗುತ್ತದೆ ಅಥವಾ ನಿಲ್ಲುತ್ತದೆ, ಮುಟ್ಟು ಏರುಪೇರಾಗುತ್ತದೆ. ನಿದ್ದೆಗೇಡು, ಊಟ ಬಿಡುವ ಅಭ್ಯಾಸ ಮತ್ತು ತೂಕದ ಅತಿಯಾದ ಏರಿಳಿತಗಳು ಈ ತೊಂದರೆಯನ್ನು ಹೆಚ್ಚಿಸುತ್ತವೆ.

ವಯಸ್ಕರಲ್ಲಿ ಋತುಚಕ್ರ ಸಾಮಾನ್ಯವಾಗಿ 21ರಿಂದ 35 ದಿನಗಳದ್ದು. ಗರ್ಭಿಣಿಯಲ್ಲದಿದ್ದರೂ 3 ತಿಂಗಳು ಮುಟ್ಟಾಗದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಹಿಮ್ಸ್‌ನಲ್ಲಾಗಲಿ ತಜ್ಞರನ್ನು ಕಾಣಬೇಕು. ಹೊತ್ತಿಗೆ ಸರಿಯಾದ ಊಟ ಮತ್ತು ಸಾಕಷ್ಟು ನಿದ್ದೆ ದುಡಿಯುವ ಮಹಿಳೆಗೆ ದಕ್ಕುವಂತೆ ಮನೆಗೆಲಸವನ್ನು ಎಲ್ಲರೂ ಹಂಚಿಕೊಳ್ಳುವುದು ಕುಟುಂಬದ ಹೊಣೆ.